ಚಳಿಗಾಲಕ್ಕೆ ಕಾಯುವ ಸಿನಿಮಾ

ಬೆಳಗಿನ ಆರೂಕಾಲು. ಲಂಡನ್ನಿನ ಆಲ್ಪರ್ಟನ್ ಬಡಾವಣೆಯ ಕಾಲುವೆ ಪಕ್ಕದ ಹಳೆಯ ಇಟ್ಟಿಗೆ ಕಟ್ಟಡದಲ್ಲಿ ಎರಡನೇ ಮಹಡಿಯ ಒಂದು ಕಿಟಕಿಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ಒಳಗೆ ವಿಲ್ಮಾ ಬಿಟ್ಸಿಲ್ಲಿ ಕೈ ತೊಳೆದು, ಒರೆಸಿಕೊಂಡು, ಹತ್ತಿಯ ಬಿಳಿ ಕೈಗವಸು ತೊಡುತ್ತಾರೆ. ಕೂದಲನ್ನು ಬಿಗಿಯಾಗಿ ಹಿಂದಕ್ಕೆ ಕಟ್ಟಿ ಬಟ್ಟೆಯ ಟೋಪಿಯೊಳಗೆ ಸೇರಿಸುತ್ತಾರೆ. ಕೆಳಗಿನಿಂದ ಬೆಳಕು ಬರುವ ಗಾಜಿನ ಮೇಜಿನ ಮುಂದೆ ಕೂತು, ತಗಡಿನ ಡಬ್ಬಿಯಿಂದ ಫಿಲ್ಮಿನ ಸುರುಳಿ ಬಿಚ್ಚಿ, ಅಂಚಿನಲ್ಲಿರುವ ಸಾಸಿವೆ ಗಾತ್ರದ ಅಂಕಿಗಳನ್ನು ಭೂತಗನ್ನಡಿ ಹಿಡಿದು ಓದುತ್ತಾರೆ. ಎಲ್ಲಿ ಕತ್ತರಿಸಬೇಕೆಂದು ಬರೆದ ಚೀಟಿ ನೋಡುತ್ತಾರೆ. ಮತ್ತೊಮ್ಮೆ ಓದುತ್ತಾರೆ. ಆಮೇಲೆ ಕತ್ತರಿ.

ಗೋಡೆಗೆ ಒರಗಿ ನಿಂತ ನನ್ನ ಕಡೆ ತಿರುಗದೆಯೇ, ಬಾಗಿಲು ಭದ್ರವಾಗಿ ಹಾಕಿದ್ದೇನೆಯೇ ಎಂದು ಕೇಳುತ್ತಾರೆ. ಧೂಳು ಒಳಗೆ ಬರಬಾರದು.

ವಿಲ್ಮಾ ಅವರ ಕೆಲಸದ ಹೆಸರು ನೆಗೆಟಿವ್ ಕಟರ್. ಸಿನಿಮಾದ ಸಂಕಲನಕಾರರು ಕೆಲಸ ಮಾಡುವುದು ಪ್ರತಿಯ ಮೇಲೆ. ಅವರು ತಪ್ಪಿದರೆ ಇನ್ನೊಂದು ಪ್ರತಿ ತೆಗೆಯಬಹುದು. ಎಲ್ಲ ತೀರ್ಮಾನವಾದ ಮೇಲೆ, ಕ್ಯಾಮೆರಾದೊಳಗೆ ಓಡಿದ ಮೂಲ ಫಿಲ್ಮನ್ನೇ ಅದಕ್ಕೆ ಸರಿಹೊಂದುವಂತೆ ಕತ್ತರಿಸಿ ಅಂಟಿಸುವವರು ಇವರು. ಮೂಲ ಇರುವುದು ಒಂದೇ. ತಪ್ಪು ಜಾಗದಲ್ಲಿ ಕತ್ತರಿ ಬಿದ್ದರೆ ನಟರನ್ನು ಮತ್ತೆ ಕರೆಸಿ ಅದೇ ಬಿಸಿಲಿನಲ್ಲಿ ನಿಲ್ಲಿಸಬೇಕು. ದಿನಕ್ಕೆ ನೂರೈವತ್ತರಿಂದ ಇನ್ನೂರು ಅಂಟು, ವಾರಕ್ಕೆ ಐದೂವರೆ ದಿನ, ಹದಿನೆಂಟು ವರ್ಷ. ಅವರ ಕೈ ದಾಟಿ ಹೋದ ಚಿತ್ರಗಳು ಇನ್ನೂರಕ್ಕೂ ಹೆಚ್ಚು. ಕೆಲವುಗಳಲ್ಲಿ ಅವರ ಹೆಸರು ಬರುತ್ತದೆ, ಜನ ಎದ್ದು ಕೋಟು ಹುಡುಕುವ ಹೊತ್ತಿಗೆ. ಹಲವುಗಳಲ್ಲಿ ಅದೂ ಇಲ್ಲ.

‘ನನ್ನ ಕೆಲಸ ಯಾರ ಕಣ್ಣಿಗೂ ಬೀಳಬಾರದು’ ಎನ್ನುತ್ತಾರೆ ವಿಲ್ಮಾ. ‘ಬಿದ್ದರೆ ನಾನು ಎಲ್ಲೋ ತಪ್ಪಿದ್ದೇನೆ ಅಂತ.’

ಅವರ ಹೆಸರು ಮೊದಲು ಕಿವಿಗೆ ಬಿದ್ದದ್ದು ಈ ವರ್ಷ, 2004ರ ಯುಗಾದಿಗೆ, ಕ್ವೀನ್ಸ್‌ಬರಿಯಲ್ಲಿ ಕನ್ನಡ ಕುಟುಂಬಗಳು ಊಟಕ್ಕೆ ಸೇರಿದ್ದಾಗ. ಧಾರವಾಡದಿಂದ ಬಂದು ಇಪ್ಪತ್ತಾರು ವರ್ಷವಾದರೂ ಮಾತು ಬದಲಿಸದ ವಿಜಯಾ ಅವರು ಎಲೆಯ ಮುಂದೆ ಕೂತು, ತಮ್ಮ ಮನೆಯ ಮಾಳಿಗೆಯಲ್ಲಿರುವ ವಿಲ್ಮಾ ಸಿನಿಮಾ ತೆಗೆಯುತ್ತಾಳೆ ಎಂದರು. ಮಂಗಳೂರಿನ ಕಡೆಯವರಿರಬೇಕು ಎಂದುಕೊಂಡೆ. ಅಲ್ಲ. ವಿಲ್ಮಾ ಅಮೆರಿಕದ ಮೂಲನಿವಾಸಿ, ನಾವು ನವಾಹೋ ಎಂದು ಕೇಳಿರುವ ಜನ. ಅವರು ತಮ್ಮನ್ನು ತಾವು ಕರೆದುಕೊಳ್ಳುವುದು ‘ದಿನೇ’ ಎಂದು. ಹಾಗೆಂದರೆ ಜನ, ಅಷ್ಟೆ.

ವಿಜಯಾ ಅವರ ಪತಿ ಡಾ. ಅನಂತಮೂರ್ತಿ ಸರ್ಕಾರಿ ಆಸ್ಪತ್ರೆಯ ವೈದ್ಯರು. 1993ರಲ್ಲಿ ಕಿಂಗ್ಸ್‌ಬರಿಯ ತಮ್ಮ ಮನೆಯ ಮೇಲಿನ ಎರಡು ಕೋಣೆಗಳನ್ನು ಬಾಡಿಗೆಗೆ ಕೊಡಲು ಪೇಪರ್ ಅಂಗಡಿಯ ಗಾಜಿಗೆ ಒಂದು ಕಾರ್ಡು ಅಂಟಿಸಿದ್ದರು: ಸಸ್ಯಾಹಾರಿ ಮನೆ, ಇಂಡಿಯನ್ ಮಹಿಳೆಗೆ ಮಾತ್ರ. ಮರುದಿನವೇ ಬೆಲ್ಲು ಬಡಿಯಿತು. ಮುಂದಿನದನ್ನು ವಿಜಯಾ ಅವರೇ ಹೇಳಬೇಕು.

‘ಬಾಗಲಾ ತಗದೆ. ಐದು ವರ್ಷದ ಹುಡುಗಿ ಕೈ ಹಿಡಕೊಂಡು ನಿಂತಿದ್ಲು. ನಾನು ಇಂಡಿಯನ್ ಅಂದ್ಲು. ಯಾವ ಕಡಿಯವರು, ಯಾರ ಪೈಕಿ ಅಂತ ಕೇಳಿದೆ. ಮೊದಲ ತಾಯಿ ಮನಿತನ ಹೇಳಿದ್ಲು, ಆಮ್ಯಾಲ ತಂದಿದು. ನನಗ ಒಂದೂ ತಿಳೀಲಿಲ್ಲ. ಆದರ ಈ ಊರಾಗ ಹಂಗ ಕೇಳಿದ್ದಕ್ಕ ಮಾರಿ ಗಂಟ ಹಾಕದ ಮನಿತನ ಹೇಳಿದಾಕಿ ಆಕಿ ಒಬ್ಬಾಕೀನ ನೋಡ್ರಿ. ಒಳಗ ಬಾ ಅಂದೆ.’

ಒಳಗೆ ಬಂದವರು ಹನ್ನೊಂದು ವರ್ಷವಾದರೂ ಅಲ್ಲೇ ಇದ್ದಾರೆ. ಮಾಂಸ ಬೇಯಿಸಬಾರದೆಂಬ ಮಾತನ್ನು ಇಂದಿಗೂ ಮುರಿದಿಲ್ಲ. ಕುರಿ ಸಾಕುವ ಮನೆಯಲ್ಲಿ ಬೆಳೆದವರು. ತಿಂಗಳಿಗೊಮ್ಮೆ ಸೌತ್‌ಹಾಲ್‌ಗೆ ಹೋಗಿ ಕುರಿಮಾಂಸದ ಊಟ ಮಾಡಿ ಬರುತ್ತಾರೆ. ಅದು ಊರಿನ ರುಚಿಯಲ್ಲ, ಆದರೆ ಕುರಿಯಂತೂ ಹೌದು ಎಂದು ನಗುತ್ತಾರೆ. ಬಾಡಿಗೆಗೆ ಬಂದ ಮೊದಲ ವಾರ ಕೆಳಗಿನ ಅಡುಗೆಮನೆಯಲ್ಲಿ ವಿಜಯಾ ಜೋಳದ ರೊಟ್ಟಿ ಬಡಿಯುತ್ತಿದ್ದರಂತೆ. ಆ ಸದ್ದು ಕೇಳಿ ವಿಲ್ಮಾ ಮೆಟ್ಟಿಲಿಳಿದು ಬಂದು ಬಾಗಿಲಲ್ಲಿ ನಿಂತುಬಿಟ್ಟರು. ಏನು ಬೇಕೆಂದು ಕೇಳಿದರೆ ಏನೂ ಬೇಡವೆಂದರು. ಹಾಗೇ ನಿಂತಿದ್ದರು. ಅವರ ಅಜ್ಜಿ ಎರಡು ಅಂಗೈಗಳ ನಡುವೆ ಹೀಗೆಯೇ ರೊಟ್ಟಿ ತಟ್ಟುತ್ತಿದ್ದರು ಎಂಬುದು ವಿಜಯಾ ಅವರಿಗೆ ಎಷ್ಟೋ ತಿಂಗಳ ಮೇಲೆ ತಿಳಿಯಿತು.

ಅಜ್ಜಿ ಎಂದರೆ ತಾಯಿಯ ತಾಯಿ. ಅವರ ಹೆಸರನ್ನು ವಿಲ್ಮಾ ನನಗೆ ಹೇಳಲಿಲ್ಲ. ತೀರಿಹೋದವರ ಹೆಸರನ್ನು ಅವರ ಮನೆಯಲ್ಲಿ ಎತ್ತುವುದಿಲ್ಲ. ಅರಿಜೋನಾದ ಲುಕಚುಕೈ ಎಂಬ ಊರಿನ ಹೊರಗೆ, ಕೆಂಪು ಬೆಟ್ಟದ ಬುಡದಲ್ಲಿ ಅಜ್ಜಿಯ ಮನೆ. 1957ರಲ್ಲಿ ಹುಟ್ಟಿದ ವಿಲ್ಮಾ ಏಳು ವರ್ಷದವರೆಗೆ ಅಲ್ಲಿ ಕುರಿಗಳ ಜೊತೆ ಬೆಳೆದರು. ಆಮೇಲೆ ಸರ್ಕಾರದ ಬಸ್ಸು ಬಂದು ಮಕ್ಕಳನ್ನು ವಸತಿಶಾಲೆಗೆ ಕರೆದೊಯ್ದಿತು. ಅಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡುವಂತಿಲ್ಲ. ಮೊದಲ ತಿಂಗಳಲ್ಲೇ, ಪಕ್ಕದ ಹಾಸಿಗೆಯ ಹುಡುಗಿಗೆ ಹೊದಿಕೆ ಬೇಕೇ ಎಂದು ಮನೆಯ ಭಾಷೆಯಲ್ಲಿ ಕೇಳಿದ್ದಕ್ಕೆ ಅವರ ಬಾಯಿಗೆ ಸೋಪು ತುರುಕಿದರು. ಇದನ್ನು ಹೇಳುವಾಗ ವಿಲ್ಮಾ ಅವರ ದನಿ ಏರುವುದಿಲ್ಲ. ಬೇಸಿಗೆ ರಜೆಗೆ ಮನೆಗೆ ಹೋದಾಗ ಅಜ್ಜಿಗೆ ಈ ಸಂಗತಿ ಹೇಳಲಿಲ್ಲವಂತೆ. ಅಜ್ಜಿ ಮಾತಾಡುತ್ತಲೇ ಇರಲಿ ಎಂದು ಸುಮ್ಮನೆ ಕೇಳುತ್ತಿದ್ದರಂತೆ.

1983ರಲ್ಲಿ ಇಂಗ್ಲೆಂಡಿನ ಒಂದು ಸಾಕ್ಷ್ಯಚಿತ್ರ ತಂಡ ಆ ಊರಿಗೆ ಬಂದಿತು. ಎರಡೂ ಭಾಷೆ ಬಲ್ಲ ವಿಲ್ಮಾ ದುಭಾಷಿಯಾದರು. ತಂಡದಲ್ಲಿ ಧ್ವನಿಮುದ್ರಣ ಮಾಡುತ್ತಿದ್ದವನನ್ನು ಮದುವೆಯಾಗಿ 1985ರಲ್ಲಿ ಲಂಡನ್ನಿಗೆ ಬಂದರು. ಬಂದ ವರ್ಷವೇ ಆ ಚಿತ್ರ ಟಿ.ವಿ.ಯಲ್ಲಿ ಬಂತು. ಪರದೆಯ ಮೇಲೆ ಅಜ್ಜಿ ಮಾತಾಡುತ್ತಿದ್ದಾರೆ. ಅವರ ದನಿಯ ಮೇಲೆ ಗಂಭೀರವಾದ ಇಂಗ್ಲಿಷ್ ದನಿಯೊಂದು, ಈ ವೃದ್ಧೆ ಭೂಮಿತಾಯಿಗೆ ಪ್ರಾರ್ಥನೆ ಸಲ್ಲಿಸುತ್ತಿದ್ದಾಳೆ ಎಂದು ಹೇಳುತ್ತಿದೆ.

‘ಅಜ್ಜಿ ಹೇಳುತ್ತಿದ್ದದ್ದು, ಈ ಗಂಡಸರ ಅಂಗಿ ಇಷ್ಟು ಮುದುರಿದೆಯಲ್ಲ, ಯಾರಿಗೂ ಮದುವೆ ಆಗಿಲ್ಲವಾ ಅಂತ. ನಾನು ಸರಿಯಾಗಿಯೇ ಬರೆದುಕೊಟ್ಟಿದ್ದೆ. ಅವರಿಗೆ ಅದು ಬೇಕಿರಲಿಲ್ಲ.’

ಅಂದು ಟಿ.ವಿ. ಆರಿಸಿದ ಮೇಲೆ ತಾವೇ ಒಂದು ಚಿತ್ರ ಮಾಡಬೇಕೆಂಬ ಯೋಚನೆ ಹುಟ್ಟಿತು. ಆದರೆ ಲಂಡನ್ನಿನಲ್ಲಿ ಅವರಿಗೆ ಗಂಡನ ಹೊರತು ಯಾರೂ ಗೊತ್ತಿರಲಿಲ್ಲ. 1986ರಲ್ಲಿ ಈ ಆಲ್ಪರ್ಟನ್ ಕಟ್ಟಡದಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸುವ ಕೆಲಸಕ್ಕೆ ಸೇರಿದರು. ಅರವತ್ತು ದಾಟಿದ್ದ ಹಿರಿಯ ಕಟರ್ ಒಬ್ಬರು ಇವರ ಬೆರಳುಗಳನ್ನು ಗಮನಿಸಿ, ಕಂಬಳಿ ನೇಯ್ದ ಅಭ್ಯಾಸ ಇದೆಯಾ ಎಂದು ಕೇಳಿ, ಪಕ್ಕದಲ್ಲಿ ಕೂರಿಸಿಕೊಂಡು ವಿದ್ಯೆ ಕಲಿಸಿದರು. 1988ರಲ್ಲಿ ಮಗಳು ಶಾಂಡೀನ್ ಹುಟ್ಟಿದಳು. ಐದು ವರ್ಷದ ಮೇಲೆ ಗಂಡ ಬೇರೆಯಾಗಿ ಸ್ಕಾಟ್‌ಲೆಂಡಿನ ಕಡೆ ಹೋದ. ಊರಿಗೆ ಮರಳೋಣವೆಂದರೆ ಅಲ್ಲಿ ಈ ಕೆಲಸವಿಲ್ಲ, ಮಗುವಿನ ಅಪ್ಪ ಇಲ್ಲಿ. ವಿಲ್ಮಾ ಉಳಿದರು.

ಉಳಿದ ಈ ವರ್ಷಗಳಲ್ಲೇ ಅವರ ಸಿನಿಮಾಕ್ಕೆ ಸಾಮಗ್ರಿ ಕೂಡಿತು. ಬೇರೆಯವರ ಚಿತ್ರೀಕರಣದಲ್ಲಿ ಉಪಯೋಗಿಸದೆ ಉಳಿದ ತುಂಡು ಫಿಲ್ಮುಗಳನ್ನು ಎಸೆಯುವ ಬದಲು ಕೇಳಿ ಪಡೆದರು. ಕ್ಯಾಮೆರಾ ಎರವಲು ಸಿಕ್ಕಿತು. 1994ರ ಜನವರಿಯಲ್ಲಿ, ಮತ್ತೆ 1995ರ ಜನವರಿಯಲ್ಲಿ, ಮಗಳನ್ನು ಕರೆದುಕೊಂಡು ಊರಿಗೆ ಹೋಗಿ ಅಜ್ಜಿ ಕತೆ ಹೇಳುವುದನ್ನು ಚಿತ್ರೀಕರಿಸಿದರು. ದೀಪ ಹಿಡಿದವರು ಸೋದರಮಾವ ಹೋಸ್ಕೀ.

ಚಳಿಗಾಲದಲ್ಲೇ ಹೋಗಬೇಕಿತ್ತು. ಈ ಕತೆಗಳನ್ನು ಮೊದಲ ಮಂಜು ಬಿದ್ದ ಮೇಲೆ ಆರಂಭಿಸಿ, ಮೊದಲ ಗುಡುಗು ಕೇಳುವ ಹೊತ್ತಿಗೆ ನಿಲ್ಲಿಸಬೇಕು. ಹಾವು, ಕರಡಿ ನಿದ್ದೆಯಲ್ಲಿರುವ ಕಾಲ ಅದು. ಎದ್ದವು ಕೇಳಿಸಿಕೊಳ್ಳಬಾರದು. ಅಜ್ಜಿ ಕ್ಯಾಮೆರಾಕ್ಕೂ ಇದೇ ಷರತ್ತು ಹಾಕಿದರು: ತೋರಿಸುವುದಾದರೆ ಚಳಿಗಾಲದಲ್ಲಿ ಮಾತ್ರ ತೋರಿಸು, ಕೊನೆಯವರೆಗೆ ಕೂರುವವರಿಗೆ ಮಾತ್ರ ತೋರಿಸು.

ಕತೆ ಏನೆಂದು ಕೇಳುತ್ತೇನೆ. ಕಯೋಟಿ ಎಂಬ, ನಮ್ಮ ನರಿಯಂಥ ಪ್ರಾಣಿಯ ಕತೆ ಎಂದಷ್ಟೇ ಹೇಳಿ ವಿಲ್ಮಾ ನಿಲ್ಲಿಸುತ್ತಾರೆ. ಇದು ಸೆಪ್ಟೆಂಬರ್. ಇನ್ನೂ ಮಂಜು ಬಿದ್ದಿಲ್ಲ. ನಾಲ್ಕು ಸಲ ಆ ಚಿತ್ರ ನೋಡಿರುವ ವಿಜಯಾ ಅವರನ್ನು ಅಡುಗೆಮನೆಯಲ್ಲಿ ಹಿಡಿದು ಕೇಳಿದೆ. ‘ಈಗ ಹೇಳೂದಿಲ್ರಿ. ಆಕಿಗೆ ಮಾತು ಕೊಟ್ಟೇನಿ’ ಎಂದು ಅವರು ಸೌಟು ತಿರುವಿದರು. ಹಾಗಾಗಿ ಈ ಪುಟದಲ್ಲಿ ಆ ಕತೆ ಇಲ್ಲ. ಓದುಗರು ಕ್ಷಮಿಸಬೇಕು.

ಚಿತ್ರದ ಪ್ರತಿಯನ್ನು ವಿಲ್ಮಾ ಬಿಡುವಿದ್ದಾಗಲೆಲ್ಲ ಸಂಕಲಿಸುತ್ತ ಹೋದರು. ನಲವತ್ತಾರು ನಿಮಿಷಕ್ಕೆ ಬಂದು ನಿಂತಿತು. ಇನ್ನು ಮೂಲ ಫಿಲ್ಮನ್ನು ಕತ್ತರಿಸುವುದೊಂದೇ ಬಾಕಿ ಎನ್ನುವಾಗ, 1996ರ ನವೆಂಬರ್‌ನಲ್ಲಿ ಅಜ್ಜಿ ತೀರಿಕೊಂಡರು. ಸುದ್ದಿ ತಲುಪುವಷ್ಟರಲ್ಲಿ ಮಣ್ಣಾಗಿತ್ತು.

ಸತ್ತವರ ಹಿಂದೆ ಹೋಗಬಾರದು, ಅವರನ್ನು ಕರೆಯಬಾರದು ಎಂದು ನಂಬಿದ ಮನೆ ಅದು. ಮುಖವೂ ದನಿಯೂ ಇರುವ ಈ ಫಿಲ್ಮನ್ನು ಏನು ಮಾಡುವುದು? ವಿಲ್ಮಾ ಮಾವನಿಗೆ ಪತ್ರ ಬರೆದರು. ಮಾವನ ಮನೆಯಲ್ಲಿ ಫೋನಿಲ್ಲ. ಅವರು ಒಂದು ಭಾನುವಾರ ಹಿಮದಲ್ಲಿ ಟ್ರಕ್ಕು ಓಡಿಸಿಕೊಂಡು ಊರ ಅಂಗಡಿಗೆ ಬಂದು ಲಂಡನ್ನಿಗೆ ಫೋನ್ ಮಾಡಿದರು. ಮಾವ ಹೇಳಿದರು: ‘ಈಗ ಮುಟ್ಟಬೇಡ. ನಾಲ್ಕು ಚಳಿಗಾಲ ಹೋಗಲಿ. ಆಮೇಲೂ ಬೇಕು ಅನ್ನಿಸಿದರೆ ಮಾಡು.’

ವಿಲ್ಮಾ ಒಂಬತ್ತು ಡಬ್ಬಿಗಳನ್ನು ತಾವು ಕೆಲಸ ಮಾಡುವ ಕೋಣೆಯ ಮೇಲಿನ ಹಲಗೆಯಲ್ಲಿಟ್ಟರು. ಆ ನಾಲ್ಕು ಚಳಿಗಾಲಗಳಲ್ಲಿ ಅವರ ಕೈಯಲ್ಲಿ ಐವತ್ತಾರು ಬೇರೆ ಚಿತ್ರಗಳು ಮುಗಿದು ಹೋದವು. ಯಾರದೋ ಮದುವೆ, ಯಾರದೋ ಕೊಲೆ, ಯಾರದೋ ಹಡಗು. ಪ್ರತಿ ಬೆಳಿಗ್ಗೆ ಕೈಗವಸು ಹಾಕುವಾಗ ಒಮ್ಮೆ ಮೇಲೆ ನೋಡುತ್ತಿದ್ದೆ ಎನ್ನುತ್ತಾರೆ. ಕೆಳಗಿಳಿಸಲಿಲ್ಲ.

ಆ ವರ್ಷಗಳಲ್ಲೇ ಇನ್ನೊಂದು ನಷ್ಟವೂ ನಡೆಯುತ್ತಿತ್ತು. ಶಾಂಡೀನ್‌ಗೆ ಎಂಟು ತುಂಬಿದ ಮೇಲೆ, ಅಮ್ಮ ದಿನೇ ಭಾಷೆಯಲ್ಲಿ ಏನೇ ಕೇಳಿದರೂ ಉತ್ತರ ಇಂಗ್ಲಿಷಿನಲ್ಲೇ ಬರತೊಡಗಿತು. ಲಂಡನ್ನಿನ ಕನ್ನಡ ಮನೆಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೆಳಗಿನ ಮನೆಯಲ್ಲಿ ವಿಜಯಾ ಅವರ ಮಗಳು ಸಿರಿಶಾ ಕೂಡ ಹಾಗೆಯೇ. ವಿಜಯಾ ಬೈಯುತ್ತಿದ್ದರು, ಕನ್ನಡದಲ್ಲಿ ಹೇಳುವವರೆಗೆ ದೋಸೆ ಇಲ್ಲ ಎನ್ನುತ್ತಿದ್ದರು. ವಿಲ್ಮಾ ಏನೂ ಹೇಳುತ್ತಿರಲಿಲ್ಲ. ಯಾಕೆಂದು ಕೇಳುತ್ತೇನೆ.

‘ನನ್ನಿಂದ ಭಾಷೆಯನ್ನು ಬಲವಂತವಾಗಿ ಕಿತ್ತುಕೊಳ್ಳೋಕೆ ನೋಡಿದರು. ಬಲವಂತವಾಗಿ ಕೊಡೋಕೆ ನನಗೆ ಮನಸ್ಸು ಬರಲಿಲ್ಲ. ಅವಳ ಬಾಯಿ ಅವಳದು.’

2001ರ ಜನವರಿಯಲ್ಲಿ ಡಬ್ಬಿಗಳು ಕೆಳಗಿಳಿದವು. ಬೇರೆಯವರು ಕೆಲಸಕ್ಕೆ ಬರುವ ಮುಂಚೆ, ದಿನಕ್ಕೆ ಎರಡೂವರೆ ಗಂಟೆಯಂತೆ, ಹನ್ನೊಂದು ಬೆಳಗು ಕೂತು ವಿಲ್ಮಾ ತಮ್ಮ ಸಿನಿಮಾವನ್ನು ತಾವೇ ಕತ್ತರಿಸಿದರು. ಒಟ್ಟು ಇನ್ನೂರ ಹನ್ನೆರಡು ಅಂಟು.

ಫೆಬ್ರುವರಿಯ ಒಂದು ಭಾನುವಾರ ಸಂಜೆ ಕಿಂಗ್ಸ್‌ಬರಿಯಲ್ಲಿ ಮೊದಲ ಪ್ರದರ್ಶನ. ಕನ್ನಡ ಮಕ್ಕಳಿಗೆ ಅಕ್ಷರ ಕಲಿಸಲು ವಿಜಯಾ ಮತ್ತು ಗೆಳತಿಯರು ವಾರಕ್ಕೊಮ್ಮೆ ಬಾಡಿಗೆಗೆ ಹಿಡಿಯುತ್ತಿದ್ದ ಸಣ್ಣ ಸಭಾಂಗಣ. ಬಂದವರು ಮೂವತ್ತನಾಲ್ಕು ಜನ, ಹೆಚ್ಚಿನವರು ಕನ್ನಡದವರು, ಅರ್ಧದಷ್ಟು ಜನ ವಿಜಯಾ ಅವರ ಒತ್ತಾಯಕ್ಕೆ ಬಂದವರು. ಚಿತ್ರಕ್ಕೆ ಅಡಿಬರಹ ಇರಲಿಲ್ಲ. ಅಕ್ಷರ ಓದುವವರು ಮುಖ ನೋಡುವುದಿಲ್ಲ ಎಂಬುದು ವಿಲ್ಮಾ ಅವರ ಅನುಭವ. ಬದಲಿಗೆ ತಾವೇ ಪರದೆಯ ಪಕ್ಕ ನಿಂತು, ಅಜ್ಜಿ ಹೇಳಿದ್ದನ್ನು ಮೆಲ್ಲಗೆ ಇಂಗ್ಲಿಷಿನಲ್ಲಿ ಹೇಳುತ್ತ ಹೋಗುವುದು ಎಂದುಕೊಂಡಿದ್ದರು.

ಏಳು ನಿಮಿಷ ಹಾಗೆಯೇ ನಡೆಯಿತು. ಆಮೇಲೆ ಪರದೆಯ ಮೇಲೆ ಅಜ್ಜಿ ಕತೆ ನಿಲ್ಲಿಸಿ, ಒಲೆಗೆ ಸೌದೆ ಒಟ್ಟಿ, ನೇರವಾಗಿ ಕ್ಯಾಮೆರಾದತ್ತ ನೋಡಿ ಏನೋ ಅಂದರು. ವಿಲ್ಮಾ ಬಾಯಿ ತೆರೆದರು. ಮಾತು ಬರಲಿಲ್ಲ. ಅಜ್ಜಿ ಮುಂದಿನ ಮಾತಿಗೆ ಹೋದರು, ಅದಕ್ಕೂ ವಿಲ್ಮಾ ಅವರ ದನಿ ಇಲ್ಲ. ಜನ ಕತ್ತಲಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಆಗ ಹಿಂದಿನ ಸಾಲಿನಿಂದ, ಸಿರಿಶಾಳ ಪಕ್ಕ ಕೂತಿದ್ದ ಹನ್ನೆರಡು ವರ್ಷದ ಶಾಂಡೀನ್‌ಳ ದನಿ ಬಂತು. ‘ಅಮ್ಮನಿಗೆ ಹೇಳ್ತಿದ್ದಾರೆ. ನಿನಗೆ ಚಳಿ ಆಗ್ತಿಲ್ವಾ ಮಗು, ಆ ಯಂತ್ರ ಕೆಳಗಿಟ್ಟು ಒಲೆ ಹತ್ತಿರ ಬಾ ಅಂತ.’

ಹುಡುಗಿ ಅಷ್ಟಕ್ಕೇ ನಿಲ್ಲಿಸಲಿಲ್ಲ. ಮುಂದಿನ ಮಾತನ್ನೂ ಹೇಳಿದಳು, ಅದರ ಮುಂದಿನದನ್ನೂ. ಕೂತಲ್ಲಿಂದಲೇ ಮೂವತ್ತೊಂಬತ್ತು ನಿಮಿಷ, ಚಿತ್ರ ಮುಗಿಯುವವರೆಗೆ ಹೇಳಿದಳು. ಗೊತ್ತಿಲ್ಲದ ಪದ ಬಂದಾಗ ಅದನ್ನು ಇದ್ದ ಹಾಗೆ ದಿನೇ ಭಾಷೆಯಲ್ಲೇ ಉಚ್ಚರಿಸಿ ಮುಂದೆ ಹೋದಳು. ಒಂದೆರಡು ಕಡೆ ತಪ್ಪಿದಳು. ವಿಲ್ಮಾ ಪರದೆಯ ಪಕ್ಕದ ಕುರ್ಚಿಯಲ್ಲಿ ಕೂತು, ಪರದೆಯ ಕಡೆ ನೋಡದೆ ಮಗಳ ಕಡೆಯೇ ನೋಡುತ್ತಿದ್ದರಂತೆ. ಇದನ್ನು ಹೇಳುವಾಗ ವಿಜಯಾ ಅವರ ಕಣ್ಣು ಒದ್ದೆಯಾಗುತ್ತದೆ. ‘ಯಾರೂ ಎದ್ದು ಹೋಗಲಿಲ್ರಿ. ನಮ್ಮ ಸಿರಿಶಾ ಮನಿಗೆ ಬಂದು, ಊರಾಗಿನ ಅಜ್ಜಿಗೆ ಫೋನ್ ಹಚ್ಚಿಕೊಡು ಅಂದ್ಲು.’

ಎಲ್ಲ ಗೊತ್ತಿದ್ದ ಮಾತನ್ನು ಅಂದು ಹೇಳಲಾಗದೆ ಹೋದದ್ದು ಯಾಕೆಂದು ವಿಲ್ಮಾ ಅವರನ್ನು ಕೇಳುತ್ತೇನೆ. ‘ಕತ್ತರಿಸುವಾಗ ಆ ಮಾತನ್ನು ನೂರು ಸಲ ಕೇಳಿದ್ದೆ. ಇಂಗ್ಲಿಷಿನಲ್ಲಿ ಹೇಳಬೇಕಾಗಿ ಬಂದದ್ದು ಅದೇ ಮೊದಲು.’

ಈಗ ಹದಿನಾರರ ಶಾಂಡೀನ್, ಕಿವಿಯ ಹೆಡ್‌ಫೋನ್ ಕುತ್ತಿಗೆಗೆ ಇಳಿಸಿ, ಭುಜ ಕುಣಿಸುತ್ತಾಳೆ. ತನಗೆ ಭಾಷೆ ಬರುವುದಿಲ್ಲ ಎಂದು ತಾನು ಯಾವತ್ತೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ, ಅಷ್ಟೆ, ಎನ್ನುತ್ತಾಳೆ. ಮನೆಯಲ್ಲಿ ಈಗಲೂ ಉತ್ತರ ಕೊಡುವುದು ಇಂಗ್ಲಿಷಿನಲ್ಲೇ. ಆದರೆ ಪ್ರದರ್ಶನವಿದ್ದಾಗ ಪರದೆಯ ಪಕ್ಕ ನಿಲ್ಲುವವಳು ಅವಳು. ಹಿಂದಿನ ದಿನ ಅಮ್ಮ ಮಗಳು ಅಡುಗೆಮನೆಯಲ್ಲಿ ಕೂತು ಗೊತ್ತಿಲ್ಲದ ಪದಗಳನ್ನು ಬಿಡಿಸಿಕೊಳ್ಳುತ್ತಾರೆ.

ಅದಾದ ಮೇಲೆ ಮೂರು ಚಳಿಗಾಲಗಳಲ್ಲಿ ಹತ್ತು ಪ್ರದರ್ಶನಗಳಾಗಿವೆ: ಗ್ರಂಥಾಲಯ, ಶಾಲೆ, ಒಮ್ಮೆ ವೃದ್ಧರ ಮನೆ. 2002ರಲ್ಲಿ ಒಂದು ಟಿ.ವಿ. ವಾಹಿನಿ ಮುಂದೆ ಬಂದಿತ್ತು. ಜೂನ್ ತಿಂಗಳಲ್ಲಿ ಜಗತ್ತಿನ ಕತೆಗಾರರ ಸರಣಿ, ಅದರಲ್ಲಿ ಮೂವತ್ತು ನಿಮಿಷ, ಅಜ್ಜಿಯ ದನಿಯ ಮೇಲೆ ಹೆಸರಾಂತ ನಟಿಯ ದನಿ. ಜನವರಿಗೆ ಹಾಕಿ ಎಂದು ವಿಲ್ಮಾ ಕೇಳಿದರು. ಆಗುವುದಿಲ್ಲ ಎಂದರು. ಅಜ್ಜಿಯ ದನಿಯನ್ನಾದರೂ ಹಾಗೇ ಬಿಡಿ ಎಂದು ಕೇಳಿದರು. ಅದೂ ಆಗಲಿಲ್ಲ. ಲಕ್ಷಾಂತರ ಜನ ನೋಡುತ್ತಿದ್ದರಲ್ಲ ಎಂದರೆ ವಿಲ್ಮಾ ತಲೆಯಾಡಿಸುತ್ತಾರೆ. ಆ ವಾರವಿಡೀ ನಿದ್ದೆ ಬರಲಿಲ್ಲವೆಂದು ಒಪ್ಪುತ್ತಾರೆ. ‘ಕತೆ ನಂದಲ್ಲ. ನನ್ನದಾಗಿದ್ದರೆ ಕೊಟ್ಟುಬಿಡುತ್ತಿದ್ದೆನೋ ಏನೋ. ನಮ್ಮಲ್ಲಿ ಕತೆ ಹೇಳೋದು ಅಂದರೆ, ಯಾವಾಗ ಹೇಳಬಾರದು ಅನ್ನೋದನ್ನೂ ಕಲಿಯೋದು.’

2003ರ ಮಾರ್ಚಿನಲ್ಲಿ ಇಪ್ಪತ್ತು ಜನ ಬಂದು ಕೂತಿದ್ದಾಗ ಹೊರಗೆ ಗುಡುಗಿತು. ವಿಲ್ಮಾ ಪ್ರೊಜೆಕ್ಟರ್ ಹಚ್ಚಲಿಲ್ಲ. ಕ್ಷಮೆ ಕೇಳಿ, ಎಲ್ಲರಿಗೂ ಚಹಾ ಕೊಟ್ಟು ಕಳಿಸಿದರು. ಅವರಲ್ಲಿ ಹದಿನೇಳು ಜನ ಡಿಸೆಂಬರ್‌ನಲ್ಲಿ ಮತ್ತೆ ಬಂದರು.

ಆಲ್ಪರ್ಟನ್‌ನ ಕಟ್ಟಡದಲ್ಲಿ ಒಮ್ಮೆ ಆರು ಜನ ಕಟರ್‌ಗಳಿದ್ದರು, ಈಗ ಇಬ್ಬರು. ಸಿನಿಮಾ ಕಂಪ್ಯೂಟರಿನೊಳಗೆ ಹೋಗುತ್ತಿದೆ. ಅಲ್ಲಿ ಎಷ್ಟು ಸಲ ಬೇಕಾದರೂ ಕತ್ತರಿಸಿ ಮತ್ತೆ ಜೋಡಿಸಬಹುದು. ಮುಂದಿನ ಬೇಸಿಗೆಯವರೆಗೆ ಕೆಲಸ ಇದೆ ಎಂದಷ್ಟೇ ಮಾಲೀಕರು ಹೇಳಿದ್ದಾರೆ. ವಿಲ್ಮಾ ಈ ಬೆಳಗಿನ ಸುರುಳಿ ಮುಗಿಸಿ, ಡಬ್ಬಿಯ ಮುಚ್ಚಳಕ್ಕೆ ಟೇಪು ಸುತ್ತಿ, ಕೈಗವಸು ಕಳಚುತ್ತಾರೆ. ಹೊರಗೆ ಕಾಲುವೆಯ ಮೇಲೆ ಬಿಸಿಲು ಬಂದಿದೆ.

ಹದಿನೆಂಟು ವರ್ಷದಲ್ಲಿ ಮೊದಲ ಬಾರಿಗೆ ಅವರು ಜನವರಿಯಲ್ಲಿ ಮೂರು ವಾರ ಒಟ್ಟಿಗೆ ರಜೆ ಕೇಳಿದ್ದಾರೆ. ಟಿಕೆಟು ಆಗಿದೆ, ಎರಡು. ಎಂಬತ್ತಮೂರರ ಹೋಸ್ಕೀ ಮಾವ ಇನ್ನೂ ಆ ಚಿತ್ರ ನೋಡಿಲ್ಲ. ಊರಿನ ಸಮುದಾಯ ಭವನ ಕೇಳಿಟ್ಟಿದ್ದಾರಂತೆ. ಹಿಮ ಬಿದ್ದು ರಸ್ತೆ ಮುಚ್ಚದಿದ್ದರೆ ಸುತ್ತಲಿನವರೆಲ್ಲ ಬರುತ್ತಾರಂತೆ. ಹುಡುಗಿಯನ್ನು ಕರೆದುಕೊಂಡೇ ಬಾ ಎಂದು ಮಾವ ಎರಡು ಸಲ ಹೇಳಿದ್ದಾರೆ.

‘ಅಲ್ಲಿನ ಮಕ್ಕಳಿಗೂ ಈಗ ಭಾಷೆ ಅಷ್ಟಕ್ಕಷ್ಟೇ ಅಂತೆ. ಅವರ ಜೊತೆ ಶಾಂಡೀನ್ ಕೂತು ಹೇಳಲಿ’ ಎನ್ನುತ್ತಾರೆ ವಿಲ್ಮಾ. ‘ನಾನು ಮಾವನ ಪಕ್ಕ, ಮುದುಕರ ಸಾಲಿನಲ್ಲಿ ಕೂರುತ್ತೇನೆ. ಒಂದು ಸಲ, ಒಂದೇ ಒಂದು ಸಲ, ಯಾರಿಗೂ ಬಿಡಿಸಿ ಹೇಳದೆ ಅಜ್ಜಿಯ ಮಾತನ್ನು ಸುಮ್ಮನೆ ಕೇಳಬೇಕು.’